ಐವತ್ತರ ವಯಸ್ಸಿನಲ್ಲಿ ಒಬ್ಬಳೇ ಬಾದಾಮಿಗೆ

ಮಕ್ಕಳು ಓದು ಮುಗಿಸಿ ತಮ್ಮ ತಮ್ಮ ಕೆಲಸದ ಊರುಗಳಲ್ಲಿ ನೆಲೆಸಿದ ಮೇಲೆ ನಾನು ಒಬ್ಬಳೇ ಪ್ರವಾಸ ಹೋಗಲು ಆರಂಭಿಸಿದೆ. ನಡುವಯಸ್ಸು ಇದಕ್ಕೆ ಅಡ್ಡಿಯಲ್ಲ, ಅದೇ ದೊಡ್ಡ ಅನುಕೂಲ ಎಂಬುದು ನನಗೆ ಸ್ಪಷ್ಟವಾದದ್ದು ಬಾದಾಮಿಯಲ್ಲಿ.

ಪ್ರಯಾಣದ ಸಿದ್ಧತೆ ಕಷ್ಟವಾಗಲಿಲ್ಲ. ವರ್ಷಗಟ್ಟಲೆ ಮನೆ ನಡೆಸಿದವರಿಗೆ ಖರ್ಚಿನ ಅಂದಾಜು, ಔಷಧಿಯ ಪಟ್ಟಿ, ಹೊತ್ತಿಗೆ ಸರಿಯಾಗಿ ಹೊರಡುವ ಶಿಸ್ತು ಹೊಸದಾಗಿ ಕಲಿಯುವ ವಿಷಯಗಳಲ್ಲ. ರೈಲ್ವೆಯಲ್ಲಿ 45 ದಾಟಿದ ಮಹಿಳೆಯರಿಗೆ, ಲಭ್ಯವಿದ್ದರೆ, ಕೆಳಗಿನ ಬರ್ತ್ ಕೊಡುವ ವ್ಯವಸ್ಥೆಯಿದೆ. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ನೆಮ್ಮದಿಯಾಗಿ ಮಲಗಿದರೆ ಬಾದಾಮಿ ನಿಲ್ದಾಣದಲ್ಲಿ ಇಳಿಯಬಹುದು. ಅಲ್ಲಿಂದ ಮುಂದೆ ಸುತ್ತಾಡಲು ಸರ್ಕಾರಿ ಬಸ್ಸುಗಳಿವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಖರ್ಚೂ ಇಲ್ಲ.

ಗುಹೆಗಳ ಮೆಟ್ಟಿಲುಗಳನ್ನು ನನ್ನ ಮಂಡಿ ಒಪ್ಪುವ ವೇಗದಲ್ಲಿ, ನಿಂತು ನಿಂತು ಹತ್ತಿದೆ. ಆದ್ದರಿಂದಲೇ ಮೂರನೆಯ ಗುಹೆಯಲ್ಲಿ, ಆದಿಶೇಷನ ಮೇಲೆ ಕುಳಿತ ವಿಷ್ಣುವಿನ ಮುಂದೆ ಬಹಳ ಹೊತ್ತು ಇರಲು ಸಾಧ್ಯವಾಯಿತು. ಕ್ರಿ.ಶ. 578ರಲ್ಲಿ ಚಾಲುಕ್ಯ ರಾಜವಂಶದ ಮಂಗಲೇಶನು ಬರೆಸಿದ ಶಾಸನ ಈ ಗುಹೆಯಲ್ಲೇ ಇದೆ. ಸೂರಿನ ಕೆಳಗೆ ಚಾಚಿಕೊಂಡಿರುವ ದಂಪತಿಶಿಲ್ಪಗಳಲ್ಲಿ ಒಬ್ಬೊಬ್ಬರ ಕೇಶಾಲಂಕಾರ ಒಂದೊಂದು ಬಗೆ. ಅದನ್ನು ಕತ್ತೆತ್ತಿ ಒಂದೊಂದಾಗಿ ನೋಡುತ್ತಿದ್ದಾಗ, ಇಪ್ಪತ್ತರ ಹರೆಯದಲ್ಲಿ ಬಂದಿದ್ದರೆ ನಾಲ್ಕೂ ಗುಹೆಗಳನ್ನು ಒಂದು ಗಂಟೆಯಲ್ಲಿ ಮುಗಿಸಿ ಇಳಿದುಬಿಡುತ್ತಿದ್ದೆ ಎಂದು ಖಚಿತವಾಗಿ ಅನ್ನಿಸಿತು. ಎಲ್ಲವನ್ನೂ ನೋಡಲೇಬೇಕೆಂಬ ಹಟ ಈಗ ಇಲ್ಲ, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಯೂ ಇಲ್ಲ.

ಜನರ ವಿಷಯದಲ್ಲಂತೂ ವಯಸ್ಸು ಕೈಹಿಡಿಯುತ್ತದೆ. ಪಟ್ಟದಕಲ್ಲಿಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಒಬ್ಬಾಕಿನ ಬಂದೀರೇನ್ರೀ ಅಕ್ಕಾರ?" ಎಂದು ಕೇಳಿದರು. ಹೌದೆಂದಾಗ ಯಾವ ಅನುಮಾನವನ್ನೂ ತೋರದೆ, ಮರಳಿ ಬರುವ ಬಸ್ಸಿನ ಹೊತ್ತನ್ನು ಕಂಡಕ್ಟರ್ ಬಳಿ ವಿಚಾರಿಸಿ ತಿಳಿಸಿದರು. ತಮ್ಮ ಬುತ್ತಿಯಿಂದ ಖಡಕ್ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಕೊಟ್ಟರು. ಯಾರ ಮಾತನ್ನು ನಂಬಬೇಕು, ಯಾರಿಂದ ದೂರ ಸರಿಯಬೇಕು ಎಂಬ ಅಂದಾಜು ಬದುಕಿನಿಂದಲೇ ಬಂದಿರುತ್ತದೆ. ಕೋಣೆಯ ಚಿಲಕ ಸರಿಯಿಲ್ಲದಿದ್ದರೆ ಸಂಕೋಚವಿಲ್ಲದೆ ಬೇರೆ ಕೋಣೆ ಕೇಳುವ ಧೈರ್ಯವೂ ಹಾಗೆಯೇ ಬರುತ್ತದೆ, ಮತ್ತು ಒಂಟಿಯಾಗಿ ತಿರುಗುವ ಹೆಣ್ಣಿಗೆ ಇದು ಸಣ್ಣ ವಿಷಯವಲ್ಲ.

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಪತಿ ಕಂಚಿಯನ್ನು ಗೆದ್ದುದರ ನೆನಪಿಗಾಗಿ ಎಂಟನೆಯ ಶತಮಾನದಲ್ಲಿ ಎತ್ತಿದ ಗುಡಿಯಿದು. ಕಂಬಗಳ ಮೇಲೆ ರಾಮಾಯಣ, ಮಹಾಭಾರತಗಳ ಕಥೆ ಪಟ್ಟಿಪಟ್ಟಿಯಾಗಿ ಸಾಗುತ್ತದೆ, ಅದನ್ನು ಓದಿಕೊಳ್ಳಲು ಒಂದು ಮಧ್ಯಾಹ್ನ ಬೇಕು. ಆದುದರಿಂದ ಐಹೊಳೆಯನ್ನು ಅದೇ ದಿನಕ್ಕೆ ಸೇರಿಸಲಿಲ್ಲ. ಇಮ್ಮಡಿ ಪುಲಕೇಶಿಯ ಆಸ್ಥಾನಕವಿ ರವಿಕೀರ್ತಿಯ ಕ್ರಿ.ಶ. 634ರ ಶಾಸನವಿರುವ ಅಲ್ಲಿನ ಮೇಗುಟಿ ಗುಡ್ಡವನ್ನು ಬಿಸಿಲೇರುವ ಮುನ್ನ ಹತ್ತಬೇಕು. ಅದಕ್ಕೆ ಬೇರೆಯೇ ಒಂದು ಬೆಳಗನ್ನು ಮೀಸಲಿಟ್ಟೆ.