ಬೀರುವಿನಲ್ಲಿ ಕೋಟು ಕೊಳೆಯಬಾರದು ಅಂದ್ರೆ

ಮುಳ್ಳಯ್ಯನಗಿರಿಗೆ ಹೋಗಿ ಮಂಜಿನಲ್ಲಿ ನೆನೆದು ಬರುತ್ತಾರೆ. ಬಂದವರೇ ಒದ್ದೆ ಜಾಕೆಟ್ಟನ್ನು ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿ ಮೊಬೈಲ್ ಹಿಡಿದು ಕೂರುತ್ತಾರೆ. ನಮ್ಮನೆ ಮಕ್ಕಳೂ ಅಷ್ಟೇ. ನಾಲ್ಕು ದಿನ ಬಿಟ್ಟು ನೋಡಿದರೆ ಕಾಲರಿಗೆ ಬೂಷ್ಟು, ಮೊಳೆ ತಾಗಿದಲ್ಲಿ ತುಕ್ಕಿನ ಕಲೆ. ಆಮೇಲೆ "ಹಳೇದಾಯ್ತು ಅಜ್ಜಿ, ಹೊಸದು ತಗೋಬೇಕು" ಅಂತ ರಾಗ. ಅದು ಹಳೇದಾಗಿದ್ದಲ್ಲ ಕಣ್ರೋ, ನೀವು ಕೊಳೆಸಿದ್ದು.

ಅಗಲ ಭುಜದ ಹ್ಯಾಂಗರಿಗೆ ಹಾಕಿ, ಜಿಪ್ ಬಿಚ್ಚಿ, ಜೇಬು ಹೊರಗೆಳೆದು ಗಾಳಿಗೆ ಬಿಡಿ. ಒಲೆಯ ಹತ್ತಿರ ಬೇಡ, ರೇನ್‌ಕೋಟಿನ ಒಳಪದರ ಕಿತ್ತು ಬರುತ್ತದೆ. ಲೆದರ್ ಆದರೆ ನೆರಳಲ್ಲೇ ಒಣಗಬೇಕು. ಹೆಣೆದ ಸ್ವೆಟರ್ ನೇತುಹಾಕಿದರೆ ಜೋತುಬೀಳುತ್ತದೆ, ಮಡಚಿಡಿ. ಕೊಡೆಯನ್ನೂ ಒದ್ದೆಯಲ್ಲೇ ಸುತ್ತಿ ಮೂಲೆಗೆ ಒರಗಿಸಬೇಡಿ, ಕಡ್ಡಿ ತುಕ್ಕು ಹಿಡಿಯುತ್ತದೆ. ಎಷ್ಟು ಸಲ ಹೇಳೋದು?

ನಮ್ಮ ಮಾವನವರ ಕರಿ ಉಣ್ಣೆ ಕೋಟು ಇವತ್ತಿಗೂ ಗಟ್ಟಿಯಾಗಿದೆ, ಮೊಮ್ಮಗ ಮದುವೆಗೆ ಹಾಕಿಕೊಂಡ. ಅದನ್ನು ಕಾಪಾಡಿದ್ದು ಅತ್ತೆ ಕಲಿಸಿದ ಇದ್ದಿಲಿನ ಗಂಟು. ಬಚ್ಚಲ ಒಲೆಯ ಗಟ್ಟಿ ಕೆಂಡ ತೆಗೆದು ಹಳೆ ಮಡಕೆಗೆ ಹಾಕಿ, ಗಾಳಿ ಹೋಗದಂತೆ ಬಾಯಿ ಮುಚ್ಚಿ ಆರಿಸಬೇಕು. ನೀರು ಚಿಮುಕಿಸಿ ಆರಿಸಿದರೆ ಕೆಲಸ ಕೆಟ್ಟಿತು, ತೇವ ಹೀರಬೇಕಾದ್ದು ತಾನೇ ನೀರು ಕುಡಿದು ಕೂರುತ್ತದೆ. ಮಾರನೇ ದಿನ ಅಡಿಕೆ ಗಾತ್ರಕ್ಕೆ ಒಡೆದು ಜರಡಿ ಹಿಡಿಯಿರಿ. ಪುಡಿ ಒಂದಿಷ್ಟೂ ಉಳಿಯಬಾರದು. ಒಳಗೆ ಹಳೆ ಪಂಚೆ ಬಟ್ಟೆ, ಹೊರಗೆ ದಪ್ಪ ಹತ್ತಿ ಬಟ್ಟೆ, ಎರಡು ಸುತ್ತು ಕಟ್ಟಲೇಬೇಕು. ನಮ್ಮ ಸೊಸೆ ಒಂದೇ ಸುತ್ತು ಕಟ್ಟಿ ಬಿಳಿ ಶಾಲಿಗೆ ಮಸಿ ಮಾಡಿಟ್ಟಿದ್ದಳು. ಗಂಟನ್ನು ಬೀರುವಿನ ತಳದ ಮೂಲೆಯಲ್ಲಿಡಿ, ಕೋಟಿಗೆ ತಾಗಬಾರದು. ಆಷಾಢದಲ್ಲಿ ಅಪರೂಪಕ್ಕೆ ಬಿಸಿಲು ಬಂತೋ, ಬಿಚ್ಚಿ ತಟ್ಟೆಯಲ್ಲಿ ಹರಡಿ ಕಾಯಿಸಿ ಮತ್ತೆ ಕಟ್ಟಿ. ಬಿಸಿಲೇ ಇಲ್ಲವಾ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಕಟ್ಟಿ. ಬೇಜಾರು ಮಾಡಿಕೊಂಡು ಇದನ್ನು ಬಿಟ್ಟರೆ ಗಂಟು ಇಟ್ಟೂ ಸುಮ್ನೆ.

ಡ್ರೈಕ್ಲೀನಿನವರ ಪ್ಲಾಸ್ಟಿಕ್ ಕವರನ್ನು ಮನೆಗೆ ಬಂದ ಕೂಡಲೇ ಕಿತ್ತೆಸೆಯಿರಿ, ಅದರೊಳಗೆ ತೇವ ಹಾಗೇ ನಿಲ್ಲುತ್ತದೆ. ಹಳೆ ಹತ್ತಿ ಸೀರೆ ಹೊದಿಸಿದರೆ ಸಾಕು. ಬೆವರು, ಸಾರಿನ ಕಲೆ ಇರುವ ಉಣ್ಣೆಯನ್ನು ಹಾಗೇ ಒಳಗಿಟ್ಟರೆ ಹುಳ ಮೊದಲು ಅಲ್ಲೇ ತೂತು ಮಾಡುತ್ತದೆ. ಒಗೆಯಲಾಗದ ಕೋಟಾದರೆ ಕಾಲರನ್ನಾದರೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಬ್ರಷ್ ಹೊಡೆದು, ಚೆನ್ನಾಗಿ ಒಣಗಿಸಿಯೇ ಬೀರು ಮುಚ್ಚಿ.