ಸೈಕಲ್ ಲೈಟಿಗೆ ಬ್ಯಾಟರಿಯೋ, ಡೈನಮೊವೋ?

ಲೈಟ್ ಕೊಳ್ಳುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ: ಒಂದು ಸಲಕ್ಕೆ ಕತ್ತಲಲ್ಲಿ ಎಷ್ಟು ಹೊತ್ತು ತುಳಿಯುತ್ತೀರಿ, ಸೈಕಲ್ ನಿಲ್ಲಿಸುವ ಕಡೆ ಚಾರ್ಜಿಗೆ ಪ್ಲಗ್ ಇದೆಯೇ. ಮಿಕ್ಕದ್ದೆಲ್ಲ ಆಮೇಲೆ.

ದಿನಕ್ಕೆ ಒಂದು ಗಂಟೆಯೊಳಗಿನ ಓಡಾಟಕ್ಕೆ ಯುಎಸ್‌ಬಿ ಲೈಟ್ ಸಾಕು. ಬ್ಯಾಟರಿಯ ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಅನ್ನು ಸೆಲ್ಲಿನ ವೋಲ್ಟೇಜ್ ಆದ 3.6ರಿಂದ ಗುಣಿಸಿ 1000ದಿಂದ ಭಾಗಿಸಿದರೆ ವ್ಯಾಟ್-ಅವರ್, ಅಂದರೆ ಅದು ಕೊಡಬಲ್ಲ ಒಟ್ಟು ಶಕ್ತಿ ಸಿಗುತ್ತದೆ. 2600 ಎಂಎಎಚ್‌ನ 18650 ಸೆಲ್ (ಇಂಥ ಲೈಟುಗಳಲ್ಲಿರುವ ದುಂಡನೆಯ ಲಿಥಿಯಂ ಸೆಲ್) ಅಂದರೆ 9.4 ವ್ಯಾಟ್-ಅವರ್, 3 ವ್ಯಾಟ್ ಎಳೆಯುವ ಲೈಟ್ ಎರಡೂವರೆಯಿಂದ ಮೂರು ಗಂಟೆ ಉರಿದೀತು. ಸೆಲ್ ಹಳತಾದಂತೆ ಈ ಹೊತ್ತು ಕಡಿಮೆಯಾಗುತ್ತದೆ, ಆದ್ದರಿಂದ ನಿಮಗೆ ಬೇಕಾದದ್ದರ ಎರಡರಷ್ಟು ಇರುವುದನ್ನೇ ಆರಿಸಿ. ಒಂದೇ 18650 ಸೆಲ್ ಮೇಲೆ 9900 ಎಂಎಎಚ್ ಎಂದು ಬರೆದಿದ್ದರೆ ಅದು ಸುಳ್ಳು, ಮುಟ್ಟಬೇಡಿ. ಮಳೆಗಾಲದಲ್ಲಿ ಮೊದಲು ಕೆಡುವುದು ಚಾರ್ಜಿಂಗ್ ತೂತು. ರಬ್ಬರ್ ಮುಚ್ಚಳ ಸಡಿಲವಾಗಿದ್ದರೆ ನೀರು ಇಳಿದು ಪಿನ್ ಕಿಲುಬು ಹಿಡಿಯುತ್ತದೆ. ಒದ್ದೆ ಇರುವಾಗ ಚಾರ್ಜಿಗೆ ಹಾಕಲೇಬೇಡಿ.

ಪದೇ ಪದೇ ಕರೆಂಟ್ ಹೋಗುವ ಊರಿನಲ್ಲಿ, ಚಾರ್ಜ್ ಮಾಡುವುದನ್ನು ಮರೆಯುವವರಿಗೆ ಟೈರಿಗೆ ಉಜ್ಜುವ ಹಳೇ ಡೈನಮೊ ಈಗಲೂ ಒಳ್ಳೆಯದೇ. ಸಾಮಾನ್ಯವಾಗಿ ಅದು 6 ವೋಲ್ಟ್, 3 ವ್ಯಾಟ್‌ನದು: ಮುಂದಿನ ಬಲ್ಬಿಗೆ 2.4, ಹಿಂದಿನದಕ್ಕೆ 0.6. ಕೂರಿಸುವಾಗ ಅದರ ನಡುಗೆರೆ ನೇರ ಚಕ್ರದ ಆಕ್ಸಲ್ ಕಡೆಗೆ ಮುಖ ಮಾಡಿರಬೇಕು. ಸ್ವಲ್ಪ ಓರೆಯಾದರೂ ಟೈರಿನ ಪಕ್ಕ ಸವೆಯುತ್ತದೆ, ತುಳಿತವೂ ಭಾರವಾಗುತ್ತದೆ. ವೈರ್ ಒಂದೇ ಆಗಿದ್ದರೆ ಕರೆಂಟ್ ವಾಪಸ್ ಬರುವುದು ಫ್ರೇಮಿನ ಮೂಲಕ. ಹಾಗಾಗಿ ಕ್ಲ್ಯಾಂಪಿನ ಚೂಪು ಸ್ಕ್ರೂ ಬಣ್ಣ ಕೊರೆದು ಕಬ್ಬಿಣ ಮುಟ್ಟುವವರೆಗೆ ಬಿಗಿ ಮಾಡಿ. ಲೈಟ್ ಮಿಣುಕುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದೇ.

ಮುಂದಿನ ಬಲ್ಬ್ ಹೋದ ಬೆನ್ನಿಗೇ ಹಿಂದಿನದೂ ಹೋಗುವುದು ಕಾಕತಾಳೀಯವಲ್ಲ. ಓಡುತ್ತಿರುವ ಡೈನಮೊ ಹೆಚ್ಚುಕಡಿಮೆ ಅರ್ಧ ಆಂಪಿಯರ್ ತಳ್ಳುತ್ತಲೇ ಇರುತ್ತದೆ. ಮುಂದಿನದು ಹೋದರೆ ಅದಷ್ಟೂ ಹಿಂದಿನ ಪುಟ್ಟ ಬಲ್ಬಿಗೇ ನುಗ್ಗುತ್ತದೆ, ಅದು ತಾಳುವುದು 0.1 ಆಂಪಿಯರ್ ಮಾತ್ರ. ಮುಂದಿನ ಬಲ್ಬಿನ ವೈರ್ ಕಳಚಿದರೂ ಇದೇ ಗತಿ. ಇನ್ನೊಂದು ಎಚ್ಚರಿಕೆ: ಡೈನಮೊದಿಂದ ಬರುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್. ಬ್ಯಾಟರಿಗೆಂದು ಮಾಡಿದ ಎಲ್‌ಇಡಿಯನ್ನು ನೇರ ಕೊಟ್ಟರೆ ಸುಟ್ಟುಹೋಗುತ್ತದೆ. ಡೈನಮೊಗೆಂದೇ ಮಾಡಿದ ಎಲ್‌ಇಡಿ ದೀಪ ಹಾಕಿ, ಸ್ವಲ್ಪ ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಇರುವುದಾದರೆ ಇನ್ನೂ ಒಳ್ಳೆಯದು. ಸಿಗ್ನಲ್‌ನಲ್ಲಿ ನಿಂತರೂ ಕೆಲ ನಿಮಿಷ ಬೆಳಕಿರುತ್ತದೆ. ಮಳೆಯಲ್ಲಿ ಈ ಡೈನಮೊ ಜಾರುತ್ತದೆ, ಬೆಳಕು ಬೇಕಾದ ಹೊತ್ತಿಗೇ ಕೈಕೊಡುತ್ತದೆ. ರೋಲರಿಗೆ ರಬ್ಬರ್ ಟೋಪಿ ಹಾಕಿದರೆ ಸ್ವಲ್ಪ ಹಿಡಿತ ಸಿಗುತ್ತದೆ.

ಮುಂದಿನ ಚಕ್ರದ ನಡುವಿನ ಹಬ್ಬಿನೊಳಗೇ ಇರುವ ಹಬ್ ಡೈನಮೊಗೆ ಈ ತೊಂದರೆ ಇಲ್ಲ. ದಿನವೂ ಕತ್ತಲಲ್ಲಿ ಹೋಗುವವರಿಗೆ, ರಾತ್ರಿಯಿಡೀ ತುಳಿಯುವ ದೂರದ ಸವಾರರಿಗೆ ಅದಕ್ಕಿಂತ ನಂಬಿಕೆಯದು ಬೇರೊಂದಿಲ್ಲ. ಆದರೆ ಮುಂದಿನ ಚಕ್ರವನ್ನು ಹೊಸದಾಗಿ ಕಟ್ಟಿಸಬೇಕು, ಖರ್ಚು ಜಾಸ್ತಿ. ಕೊಳ್ಳುವ ಮೊದಲು ರಿಮ್ಮಿನ ಕಡ್ಡಿಗಳನ್ನು ಎಣಿಸಿ, ಸಾಮಾನ್ಯವಾಗಿ 32 ಅಥವಾ 36. ಹಬ್ಬಿನಲ್ಲೂ ಅಷ್ಟೇ ತೂತು ಇರಬೇಕು. ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಒಳ ಅಗಲವನ್ನೂ ಅಳೆಯಿರಿ. ಹೆಚ್ಚಿನ ಹಬ್‌ಗಳು 100 ಮಿ.ಮೀ. ಅಗಲಕ್ಕೆ ಮಾಡಿದವು, ಹಳೇ ಕಪ್ಪು ಸೈಕಲ್‌ಗಳ ಫೋರ್ಕ್ ಇದಕ್ಕಿಂತ ಕಿರಿದಾಗಿರಬಹುದು.

ಮುಂದೆ ಯಾವುದೇ ಹಾಕಿ, ಹಿಂದಿನ ಕೆಂಪು ದೀಪಕ್ಕೆ ಬೇರೆಯೇ ಬ್ಯಾಟರಿ ಇಡುವುದು ನಮ್ಮ ಸಲಹೆ. ಕ್ಯಾರಿಯರ್ ಕೆಳಗೆ ಎಳೆದ ವೈರ್ ಎಲ್ಲೋ ತುಂಡಾದರೆ ತುಳಿಯುವವರಿಗೆ ಗೊತ್ತೇ ಆಗುವುದಿಲ್ಲ, ಹಿಂದಿನಿಂದ ಬರುವ ಲಾರಿಯವನಿಗೆ ಸೈಕಲ್ ಕಾಣುವುದಿಲ್ಲ.