ಸಾವಿನ ಲೆಕ್ಕ ಹಾಕಲು ಹೋಗಿ ನಾನು ಎಡವಿದ್ದು

2020ರ ಏಪ್ರಿಲ್‌ನಲ್ಲಿ ಒಂದು ಎಕ್ಸೆಲ್ ಶೀಟ್ ಶುರು ಮಾಡಿದೆ. ಸಾಲಿಗೊಂದು ದೇಶ. ಪಕ್ಕದಲ್ಲಿ ಕೋವಿಡ್ ಸಾವು, ಜನಸಂಖ್ಯೆ, ಹತ್ತು ಲಕ್ಷಕ್ಕೆ ಎಷ್ಟು ಅನ್ನುವ ಕಾಲಂ. ಅಂಕಿಅಂಶ ನನ್ನ ದಿನನಿತ್ಯದ ಕೆಲಸ, ಹಾಗಾಗಿ ಅರ್ಧ ದಿನದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ. ಎರಡು ವರ್ಷ ಹಿಡಿಯಿತು.

ನನ್ನ ಮೊದಲ ಪಟ್ಟಿಯಲ್ಲಿ ಬೆಲ್ಜಿಯಂ ಬಹಳ ಮೇಲಿತ್ತು. ಅಲ್ಲಿನ ಆಸ್ಪತ್ರೆಗಳು ಕೈಚೆಲ್ಲಿವೆ ಅಂತ ಗೆಳೆಯನಿಗೆ ಹೇಳಿಯೂ ಬಿಟ್ಟೆ. ಅವರ ಎಣಿಕೆಯ ನಿಯಮ ಓದಿದ್ದು ಆಮೇಲೆ. ವೃದ್ಧಾಶ್ರಮಗಳಲ್ಲಿ ಪರೀಕ್ಷೆಯೇ ಆಗದೆ ತೀರಿಕೊಂಡವರಿಗೂ, ಲಕ್ಷಣ ನೋಡಿ ಕೋವಿಡ್ ಇರಬಹುದು ಅನಿಸಿದರೆ, ಬೆಲ್ಜಿಯಂ ಲೆಕ್ಕದಲ್ಲಿ ಜಾಗ ಇತ್ತು. ಆಗ ಎಷ್ಟೋ ದೇಶಗಳು ಪಾಸಿಟಿವ್ ಬಂದವರನ್ನು ಮಾತ್ರ ಎಣಿಸುತ್ತಿದ್ದವು. ಫ್ರಾನ್ಸ್ ತನ್ನ ವೃದ್ಧಾಶ್ರಮಗಳ ಸಾವನ್ನು ಸೇರಿಸಲು ಶುರು ಮಾಡಿದ್ದೇ ಏಪ್ರಿಲ್ ಮೊದಲ ವಾರದಲ್ಲಿ. ಅಂದರೆ ನಾನು ಹೋಲಿಸುತ್ತಿದ್ದದ್ದು ಸಾವುಗಳನ್ನಲ್ಲ, ನಿಯಮಗಳನ್ನು.

ಅವತ್ತು ‘ಯಾರನ್ನು ಎಣಿಸುತ್ತಾರೆ’ ಅಂತ ಹೊಸ ಕಾಲಂ ಸೇರಿಸಿದೆ. ಅದು ಬೇಗ ತುಂಬಿತು. ಇಂಗ್ಲೆಂಡ್‌ನಲ್ಲಿ ಒಮ್ಮೆ ಪಾಸಿಟಿವ್ ಬಂದವರು ಯಾವಾಗ ಸತ್ತರೂ, ಯಾವುದರಿಂದ ಸತ್ತರೂ ಕೋವಿಡ್ ಸಾವು ಎನ್ನುತ್ತಿದ್ದರು. 2020ರ ಆಗಸ್ಟ್‌ನಲ್ಲಿ ಪಾಸಿಟಿವ್ ಬಂದ 28 ದಿನದೊಳಗೆ ಸತ್ತವರು ಎಂದು ಬದಲಿಸಿದರು. ಒಂದೇ ದಿನಕ್ಕೆ ಬ್ರಿಟನ್‌ನ ಮೊತ್ತ 5,000ಕ್ಕೂ ಜಾಸ್ತಿ ಇಳಿಯಿತು. ಆ ದಿನ ನನ್ನ ಗ್ರಾಫ್‌ನಲ್ಲಿ ಮೈನಸ್ ಸಾವು! ಫಾರ್ಮುಲಾ ತಪ್ಪಿದೆ ಅಂತ ಒಂದು ಗಂಟೆ ಹುಡುಕಿದ್ದೆ.

ಮರಣ ಪ್ರಮಾಣಪತ್ರ ಓದುವುದನ್ನು ಆಗಲೇ ಕಲಿತಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ನಮೂನೆಯಲ್ಲಿ ಎರಡು ಭಾಗ ಇರುತ್ತದೆ. ಮೊದಲ ಭಾಗದ ಮೇಲಿನ ಸಾಲಿನಲ್ಲಿ ನೇರ ಕಾರಣ, ತೀವ್ರ ಉಸಿರಾಟದ ತೊಂದರೆ ಅಂತಿಟ್ಟುಕೊಳ್ಳಿ. ಅದಕ್ಕೇನು ಕಾರಣ? ಕೆಳಗಿನ ಸಾಲಿನಲ್ಲಿ ನ್ಯುಮೋನಿಯಾ. ಅದಕ್ಕೆ? ಇನ್ನೂ ಕೆಳಗೆ ಕೋವಿಡ್. ಹೀಗೆ ಸರಿಯಾಗಿ ತುಂಬಿದ್ದರೆ ಆ ಕೊನೆಯ ಸಾಲೇ ಮೂಲ ಕಾರಣ. ಮೊದಲೇ ಇದ್ದ ಸಕ್ಕರೆ ಕಾಯಿಲೆ ಎರಡನೇ ಭಾಗಕ್ಕೆ ಹೋಗುತ್ತದೆ. ‘ಕೋವಿಡ್‌ನಿಂದ ಸತ್ತರೋ, ಕೋವಿಡ್ ಇದ್ದಾಗ ಸತ್ತರೋ’ ಎಂಬ ಜಗಳದ ಬಹುಪಾಲು ಈ ಕಾಗದ ನೋಡದವರದ್ದು ಅನ್ನುವುದು ನನ್ನ ಅಭಿಪ್ರಾಯ. ಪರೀಕ್ಷೆಯಲ್ಲಿ ವೈರಸ್ ಸಿಕ್ಕರೆ ಯು07.1, ಲಕ್ಷಣ ನೋಡಿ ಕೋವಿಡ್ ಅಂದಿದ್ದರೆ ಯು07.2 ಅಂತ ಆ ಸಂಸ್ಥೆ ಬೇರೆ ಬೇರೆ ರೋಗ ಸಂಕೇತವನ್ನೂ ಕೊಟ್ಟಿತ್ತು. ಆದರೆ ವೈದ್ಯರೇ ನೋಡದೆ ಮನೆಯಲ್ಲಿ ತೀರಿಕೊಂಡವರಿಗೆ ಇದ್ಯಾವುದೂ ಉಪಯೋಗಕ್ಕೆ ಬರಲ್ಲ.

ಅದಕ್ಕೇ ಕೊನೆಗೆ ಹಳೇ ದಾರಿ ಹಿಡಿದೆ. ಕಾರಣ ಕೇಳಲೇಬೇಡ, ಒಟ್ಟು ಎಷ್ಟು ಜನ ಸತ್ತರು, ಸಾಮಾನ್ಯ ವರ್ಷದಲ್ಲಾದರೆ ಎಷ್ಟು ಸಾಯುತ್ತಿದ್ದರು, ಮೊದಲನೆಯದರಿಂದ ಎರಡನೆಯದನ್ನು ಕಳೆ. ಉಳಿದದ್ದು ಹೆಚ್ಚುವರಿ ಸಾವು. 1847ರ ಲಂಡನ್ ಇನ್‌ಫ್ಲುಯೆಂಜಾ ಹೊತ್ತಿನಲ್ಲಿ ಬ್ರಿಟನ್‌ನ ಅಂಕಿಅಂಶ ತಜ್ಞ ವಿಲಿಯಂ ಫಾರ್ ಇದೇ ಲೆಕ್ಕ ಮಾಡಿದ್ದ. ಹಲವು ದೇಶಗಳ ಸಾವಿನ ಅಂಕಿ ಒಂದೆಡೆ ಕೂಡಿಸಿಡುವ ಹ್ಯೂಮನ್ ಮಾರ್ಟಾಲಿಟಿ ಡೇಟಾಬೇಸ್‌ನಿಂದ ವಾರವಾರದ ಅಂಕಿ ತಂದು ನಾನೂ ಕೂತೆ.

ಕಳೆಯೋದು ಸುಲಭ, ಅಲ್ವಾ? ನನ್ನ ಮೊದಲ ಉತ್ತರ ಎಲ್ಲ ದೇಶಕ್ಕೂ ಜಾಸ್ತಿ ಬಂತು. ಯಾಕೆ ಅಂತ ಹೊಳೆಯಲು ಎರಡು ದಿನ ಬೇಕಾಯಿತು. ಆ ಅಂಕಿಗಳ ವಾರದ ಲೆಕ್ಕದಲ್ಲಿ 2020ಕ್ಕೆ 53 ವಾರ, 2019ಕ್ಕೆ 52. ಒಂದಿಡೀ ವಾರದ ಸಾವನ್ನು ಸುಮ್ನೆ ಕೋವಿಡ್ ತಲೆಗೆ ಕಟ್ಟಿದ್ದೆ. ಇನ್ನೊಂದು ಎಡವಟ್ಟು ಇಂಗ್ಲೆಂಡ್‌ನದ್ದು. ಕ್ರಿಸ್‌ಮಸ್ ವಾರ ಅಲ್ಲಿ ಸಾವು ದಿಢೀರ್ ಇಳಿಯುತ್ತಿತ್ತು. ನೋಡಿದರೆ ಅದು ಸತ್ತ ದಿನಾಂಕವಲ್ಲ, ನೋಂದಣಿಯ ದಿನಾಂಕ, ರಜೆಗೆ ಕಚೇರಿ ಮುಚ್ಚಿರುತ್ತದೆ. ಅಮೆರಿಕದ ತೀರಾ ಇತ್ತೀಚಿನ ಕೆಲವು ವಾರಗಳೂ ಯಾವಾಗಲೂ ಕಡಿಮೆ ತೋರಿಸುತ್ತವೆ, ಪ್ರಮಾಣಪತ್ರಗಳು ಇನ್ನೂ ಬಂದಿರುವುದಿಲ್ಲ. ಅವನ್ನು ಬೂದು ಬಣ್ಣ ಮಾಡಿಟ್ಟು, ಲೆಕ್ಕಕ್ಕೆ ತೆಗೆದುಕೊಳ್ಳದೆ ಕಾಯುತ್ತಿದ್ದೆ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, ‘ಸಾಮಾನ್ಯ ವರ್ಷ’ ಯಾವುದು? ನಾನು 2015ರಿಂದ 2019ರ ಸರಾಸರಿ ಹಿಡಿದೆ. ಆದರೆ ವಯಸ್ಸಾದವರು ಹೆಚ್ಚುತ್ತಿರುವ ದೇಶದಲ್ಲಿ ಸಾವು ಹೇಗೂ ವರ್ಷ ವರ್ಷ ಏರುತ್ತಿರುತ್ತದೆ. ಸರಾಸರಿ ಹಿಡಿದರೆ ಹೆಚ್ಚುವರಿ ಜಾಸ್ತಿ ಕಾಣುತ್ತದೆ. ದೊಡ್ಡವರೂ ಇಲ್ಲೇ ಎಡವಿದರು. 2019ರಲ್ಲಿ ಜರ್ಮನಿಯಲ್ಲಿ ಸಾವು ಸ್ವಲ್ಪ ಕಡಿಮೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಆ ಇಳಿಕೆಯನ್ನೇ ಮುಂದಕ್ಕೆ ಎಳೆಯಿತು, ಹಾಗಾಗಿ ‘ಸಾಮಾನ್ಯ’ ಸಾವು ಕಡಿಮೆಯಾಗಿ ಹೆಚ್ಚುವರಿ ಜಾಸ್ತಿ ಕಂಡಿತು. ಟೀಕೆ ಬಂದ ಮೇಲೆ ಜರ್ಮನಿಯ ಹೆಚ್ಚುವರಿ ಸಾವನ್ನು 1.95 ಲಕ್ಷದಿಂದ 1.22 ಲಕ್ಷಕ್ಕೆ ಇಳಿಸಿದರು. ಅದನ್ನು ಓದಿ ನನಗೆ ಸ್ವಲ್ಪ ಸಮಾಧಾನವಾದದ್ದು ಸುಳ್ಳಲ್ಲ.

ಅದೇ ಸಂಸ್ಥೆ 2022ರ ಮೇ ತಿಂಗಳಲ್ಲಿ ಹೇಳಿದ ಒಟ್ಟು ಅಂದಾಜು, 2020 ಮತ್ತು 2021 ಸೇರಿ 1.49 ಕೋಟಿ ಹೆಚ್ಚುವರಿ ಸಾವು. ದೇಶಗಳು ತಾವೇ ಹೇಳಿದ್ದು ಸುಮಾರು 54 ಲಕ್ಷ. ಸಾವಿನ ನೋಂದಣಿ ಪೂರ್ತಿ ಸಿಗದ ಕಡೆ ಗಣಿತದ ಮಾದರಿಯಿಂದ ಅಂದಾಜು ಮಾಡಿ ತುಂಬಿದ್ದರು. ಭಾರತ ಸರ್ಕಾರ ಆ ವಿಧಾನವನ್ನು ಒಪ್ಪಲಿಲ್ಲ.

ಪೆರು ದೇಶದ ಸಾಲಂತೂ ನನಗೆ ಮರೆಯಲ್ಲ. ಹೇಳುತ್ತಿದ್ದ ಸಾವಿಗಿಂತ ಹೆಚ್ಚುವರಿ ಸಾವು ಎಷ್ಟೋ ಪಟ್ಟು ಇತ್ತು. 2021ರ ಮೇ 31ರಂದು ಸರ್ಕಾರವೇ ಲೆಕ್ಕ ಪರಿಷ್ಕರಿಸಿತು. 69,342 ಇದ್ದದ್ದು 1,80,764 ಆಯಿತು. ತಲಾ ಲೆಕ್ಕದಲ್ಲಿ ಪೆರು ಜಗತ್ತಿಗೇ ಮೊದಲ ಸ್ಥಾನಕ್ಕೆ ಬಂತು.

ಆಮೇಲೆ ಬೆಲ್ಜಿಯಂ ಸಾಲಿಗೆ ವಾಪಸ್ ಹೋದೆ. ಮೊದಲ ಅಲೆಯಲ್ಲಿ ಅವರು ಹೇಳಿದ ಸಾವೂ ಹೆಚ್ಚುವರಿ ಸಾವೂ ಹೆಚ್ಚುಕಮ್ಮಿ ತಾಳೆಯಾಗುತ್ತಿದ್ದವು. ಗೆಳೆಯನಿಗೆ ಫೋನ್ ಮಾಡಿ ನನ್ನ ಮಾತು ವಾಪಸ್ ತಗೊಂಡೆ. ಅವನಿಗೆ ನೆನಪೇ ಇರಲಿಲ್ಲ.